ಕರೆಂಟು ಹೋದ ರಾತ್ರಿ ಹೊಗೆ ಎತ್ತ ಹೋಗಬೇಕು? ಪೆಲೆಟ್ ಸ್ಟವ್‌ಗೆ ಹೊಗೆಕೊಳವೆ ಹಾಕಿಸುವ ಮುನ್ನ

ಪ್ರಶ್ನೆ: ಸರ್, ನಾವು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ನ್ಯಾಶುವಾ ಬಳಿ ಎರಡಂತಸ್ತಿನ ಮರದ ಮನೆ ಕೊಂಡು ಒಂದು ವರ್ಷವಾಯಿತು. ಮನೆ ಬೆಚ್ಚಗಿಡುವ ಬಾಯ್ಲರಿಗೆ ಎಣ್ಣೆ ಹಾಕಿಸಿ ಹಾಕಿಸಿ ಸಾಕಾಗಿದೆ. ಹಾಲ್‌ನಲ್ಲಿ ಮರದ ಹುಡಿಯ ತುಂಡು ಉರಿಸುವ ಪೆಲೆಟ್ ಸ್ಟವ್ ಇಡೋಣ ಎಂದುಕೊಂಡಿದ್ದೇವೆ. ಮನೆಯ ಮುಖ ಪೂರ್ವಕ್ಕೆ, ಹಾಲ್ ಇರುವುದು ಆಗ್ನೇಯ ಮೂಲೆಯಲ್ಲಿ. ಪೂರ್ವದ ಗೋಡೆಯಲ್ಲಿ ಎರಡು ಕಿಟಕಿ, ನಡುವೆ 5 ಅಡಿ ಜಾಗ. ಸ್ಟವ್ ಅಲ್ಲಿಟ್ಟು, ಹಿಂದೆ ಗೋಡೆ ಕೊರೆದು ಕೊಳವೆಯನ್ನು ನೇರ ಹೊರಗೆ ಬಿಟ್ಟರಾಯಿತು, ಅರ್ಧ ದಿನದ ಕೆಲಸ ಎಂದು ಅಳವಡಿಸುವವರು ಹೇಳುತ್ತಾರೆ. ತೀರ್ಥಹಳ್ಳಿಯ ನಮ್ಮ ಮನೆಯಲ್ಲಿ ಬಚ್ಚಲ ಒಲೆಯ ಕೊಳವೆ ಮಾಡು ದಾಟಿ ಮೇಲಕ್ಕೆ ಹೋಗುತ್ತಿತ್ತು. ಇಲ್ಲಿ ಅಡ್ಡಕ್ಕೆ ಬಿಟ್ಟರೆ ಹೊಗೆ ಹೋಗುವುದಾದರೂ ಹೇಗೆ? ಡಿಸೆಂಬರಿನಲ್ಲಿ ಅಪ್ಪ ಅಮ್ಮ ಬರುತ್ತಾರೆ, ಅಮ್ಮನಿಗೆ ಉಬ್ಬಸ ಇದೆ. ಅವರ ಕೋಣೆ ಹಾಲ್‌ನ ನೇರ ಮೇಲೆ, ಕಿಟಕಿಯೂ ಪೂರ್ವಕ್ಕೇ. ಮನೆಯಲ್ಲಿ ಒಂದು ಇಟ್ಟಿಗೆಯ ಚಿಮಣಿ ಇದೆ, ಬಾಯ್ಲರಿನ ಹೊಗೆ ಅದರಲ್ಲಿ ಹೋಗುತ್ತದೆ. ಅದಕ್ಕೇ ಸೇರಿಸಬಹುದೇ? ನಕ್ಷೆ, ಫೋಟೋ ಕಳಿಸಿದ್ದೇನೆ.

ಉತ್ತರ: ಆ ಎರಡು ಕಿಟಕಿಗಳ ನಡುವೆ ಗೋಡೆ ಕೊರೆಯಲು ಬಿಡಬೇಡಿ. ಮುಂಗಡ ಕೊಟ್ಟಿದ್ದರೂ ಸರಿ, ಇವತ್ತೇ ಫೋನ್ ಮಾಡಿ ನಿಲ್ಲಿಸಿ. ಸ್ಟವ್ ಬೇಡ ಎನ್ನುತ್ತಿಲ್ಲ, ಆ ಜಾಗ ಬೇಡ ಎನ್ನುತ್ತಿದ್ದೇನೆ. ನೀವು ಕಳಿಸಿದ ನಕ್ಷೆಯಲ್ಲೇ, ಅದೇ ಹಾಲ್‌ನ ದಕ್ಷಿಣ ಗೋಡೆಯಲ್ಲಿ, ಇದಕ್ಕಿಂತ ಬಹಳ ಒಳ್ಳೆಯ ಜಾಗ ಇದೆ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಬಚ್ಚಲ ಒಲೆಯ ಪ್ರಶ್ನೆ. ನೀವು ಕೇಳಿದ್ದರಲ್ಲೆಲ್ಲ ಮುಖ್ಯವಾದದ್ದು ಅದು.

ಬಚ್ಚಲ ಒಲೆಯಲ್ಲಿ ಹೊಗೆಯನ್ನು ಎಳೆಯುವುದು ಕೊಳವೆಯ ಎತ್ತರ. ಬಿಸಿ ಹೊಗೆ ಹಗುರ, ಹೊರಗಿನ ತಣ್ಣನೆಯ ಗಾಳಿ ಭಾರ. ಕೊಳವೆ ಎತ್ತರವಾದಷ್ಟೂ ಎಳೆತ ಜಾಸ್ತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ನಮ್ಮ ಕಡೆಯ ಅಡುಗೆಮನೆಗಳಿಗೆ ಬಂದಾಗಲೂ ಹೊಗೆ ಹೊರಗೆ ಹೋಗುತ್ತಿದ್ದುದು ಇದೇ ರೀತಿಯಲ್ಲಿ. ಇಂಥ ಕೊಳವೆಯೊಳಗಿನ ಒತ್ತಡ ಕೋಣೆಯ ಒತ್ತಡಕ್ಕಿಂತ ಕಡಿಮೆ ಇರುತ್ತದೆ. ಹಾಗಾಗಿ ಸಿಮೆಂಟ್ ಕೊಳವೆಯ ಸಂದಿನಲ್ಲಿ ಸಣ್ಣ ಬಿರುಕು ಬಿಟ್ಟಿದ್ದರೂ ಅಲ್ಲಿಂದ ಹೊಗೆ ಬರುತ್ತಿರಲಿಲ್ಲ, ಬಚ್ಚಲಿನ ಗಾಳಿಯೇ ಅದರೊಳಗೆ ನುಗ್ಗುತ್ತಿತ್ತು.

ಪೆಲೆಟ್ ಸ್ಟವ್‌ನ ಕ್ರಮ ಬೇರೆ. ಮರದ ಹುಡಿಯನ್ನು ಒತ್ತಿ ಮಾಡಿದ, ಸುಮಾರು 6 ಮಿಲಿಮೀಟರ್ ದಪ್ಪದ ತುಂಡುಗಳು ಮೇಲಿನ ಪೆಟ್ಟಿಗೆಯಿಂದ ತಿರುಪಿನ ಮೂಲಕ ಸ್ವಲ್ಪ ಸ್ವಲ್ಪವಾಗಿ ಒಂದು ಪುಟ್ಟ ಕಬ್ಬಿಣದ ಬಟ್ಟಲಿಗೆ ಬೀಳುತ್ತವೆ. ಉರಿಯುವುದು ಅಲ್ಲಿ. ಬೆಂಕಿಯ ಗೂಡು ದಾಟಿದ ಮೇಲೆ ಒಂದು ಫ್ಯಾನು ಇದೆ. ಅದು ಗೂಡಿನಿಂದ ಗಾಳಿಯನ್ನು ಎಳೆದು ಕೊಳವೆಯೊಳಗೆ ದೂಡುತ್ತದೆ. ಒಬ್ಬರು ಕೂತು ಬಿಡದೆ ಊದುಕೊಳವೆ ಊದುತ್ತಿದ್ದಂತೆ ಎಂದುಕೊಳ್ಳಿ. ಅದಕ್ಕೇ ಕೊಳವೆ ಅಡ್ಡಕ್ಕಿದ್ದರೂ ಹೊಗೆ ಹೋಗುತ್ತದೆ, 3 ಇಂಚಿನ ಸಪೂರ ಕೊಳವೆಯೂ ಸಾಲುತ್ತದೆ. ಅಳವಡಿಸುವವರು ನಿಮಗೆ ಹೇಳಿದ್ದು ಇಲ್ಲಿಯವರೆಗೆ ನಿಜ.

ಅವರು ಹೇಳದೆ ಬಿಟ್ಟದ್ದು ಎರಡು. ದೂಡುವ ಕೊಳವೆಯೊಳಗೆ ಒತ್ತಡ ಕೋಣೆಗಿಂತ ಜಾಸ್ತಿ, ಆದ್ದರಿಂದ ಸಂದಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಹೊಗೆ ಮನೆಯೊಳಕ್ಕೆ ಬರುತ್ತದೆ. ಎರಡನೆಯದು, ಫ್ಯಾನು ತಿರುಗುವುದು ಕರೆಂಟಿನಿಂದ. ಕರೆಂಟು ಹೋದ ಕ್ಷಣ ತಿರುಪು ನಿಂತು ಹೊಸ ಪೆಲೆಟ್ ಬೀಳುವುದು ನಿಲ್ಲುತ್ತದೆ. ಆದರೆ ಬಟ್ಟಲಿನಲ್ಲಿ ಆಗಲೇ ಬಿದ್ದಿರುವ ಒಂದು ಹಿಡಿ ಪೆಲೆಟ್ ಆರುವುದಿಲ್ಲ. ಗಾಳಿ ಸಾಲದೆ ಅದು ಹತ್ತು ಹದಿನೈದು ನಿಮಿಷ ಹೊಗೆಯಾಡುತ್ತದೆ. ಗಾಳಿ ಸಾಲದ ಬೆಂಕಿಯೇ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲವನ್ನು ಹೆಚ್ಚು ಮಾಡುವುದು, ಅದಕ್ಕೆ ವಾಸನೆಯೂ ಇಲ್ಲ ಬಣ್ಣವೂ ಇಲ್ಲ. ಸ್ಟವ್ ಸರಿಯಾಗಿ ಓಡುವ ದಿನ ಯಾವ ಕೊಳವೆಯಾದರೂ ನಡೆದೀತು. ಕೊಳವೆಯನ್ನು ಯೋಜಿಸಬೇಕಾದದ್ದು ಆ ಹತ್ತು ಹದಿನೈದು ನಿಮಿಷಕ್ಕಾಗಿ.

ಇದನ್ನು ನಾನು ಕಲಿತದ್ದು ಓದಿ ಅಲ್ಲ. ವರ್ಮಾಂಟ್‌ನ ನಮ್ಮ ಮನೆಯ ಮೊದಲ ಸ್ಟವ್‌ಗೂ ನಿಮಗೆ ಹೇಳಿದ ಹಾಗೇ ನೇರ ಗೋಡೆ ಕೊರೆದು ಕೊಳವೆ ಹಾಕಿದ್ದರು. ಒಂದು ಫೆಬ್ರವರಿ ರಾತ್ರಿ ಹಿಮಗಾಳಿಗೆ ಕರೆಂಟು ಹೋಯಿತು. ಹೊಗೆಯ ಅಲಾರಂ ಕೂಗಿದ್ದಕ್ಕೆ ಎದ್ದೆವು. ಗಾಳಿ ಕೊಳವೆಯ ಬಾಯಿಗೆ ನೇರವಾಗಿ ಬೀಸುತ್ತಿತ್ತು, ಒಳಗಿನ ಹೊಗೆ ಹೊರಗೆ ಹೋಗಲಾರದೆ ಗಾಳಿ ಬರುವ ಕಂಡಿಯಿಂದ, ಪೆಲೆಟ್ ಪೆಟ್ಟಿಗೆಯ ಮುಚ್ಚಳದಿಂದ ಕೋಣೆಗೆ ಬರುತ್ತಿತ್ತು. ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಚಳಿಯಲ್ಲಿ ಬಾಗಿಲು ಕಿಟಕಿ ತೆರೆದು, ಮಗುವನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಕೂತೆವು. ಮರುಬೇಸಿಗೆಯಲ್ಲಿ ಕೊಳವೆ ಕಿತ್ತು ಬೇರೆ ಗೋಡೆಯಲ್ಲಿ, ಒಳಗೆ 5 ಅಡಿ ಏರಿಸಿ ಹಾಕಿಸಿದೆ. ಆಮೇಲೆ ಎಷ್ಟೋ ಸಲ ಕರೆಂಟು ಹೋಗಿದೆ. ಮೂಗಿಗೆ ಸ್ವಲ್ಪ ವಾಸನೆ ಬಂದದ್ದುಂಟು, ಅಲಾರಂ ಮತ್ತೆ ಕೂಗಿಲ್ಲ.

ನ್ಯೂ ಇಂಗ್ಲೆಂಡಿನಲ್ಲಿ, ಅಂದರೆ ನಮ್ಮ ಈ ಈಶಾನ್ಯ ರಾಜ್ಯಗಳಲ್ಲಿ, ಕರೆಂಟು ಹೋಗುವುದು ಅಪರೂಪ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2008ರ ಡಿಸೆಂಬರಿನಲ್ಲಿ ಮಳೆಯ ನೀರು ಕೊಂಬೆ, ತಂತಿಗಳ ಮೇಲೆ ಮಂಜುಗಡ್ಡೆಯಾಗಿ ಕಟ್ಟಿಕೊಂಡು ನಿಮ್ಮ ರಾಜ್ಯವೊಂದರಲ್ಲೇ 4 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳು ಕತ್ತಲಾದವು, ಕೆಲವೆಡೆ ಕರೆಂಟು ಬರಲು ಎರಡು ವಾರ ಹಿಡಿಯಿತು.

ಈಗ ನಿಮ್ಮ ಪೂರ್ವದ ಗೋಡೆ. ಹೊಗೆ ಹೊರಬೀಳುವ ಬಾಯಿಗೆ ಕಿಟಕಿ ಬಾಗಿಲುಗಳಿಂದ ಇಷ್ಟು ದೂರ ಎಂದು ನಿಯಮ ಇದೆ. ಅಮೆರಿಕದ ಚಿಮಣಿಗಳ ಮಾನದಂಡ ಎನ್‌ಎಫ್‌ಪಿಎ 211ರ ಪ್ರಕಾರ, ತೆರೆಯುವ ಕಿಟಕಿಯ ಪಕ್ಕದಲ್ಲಿದ್ದರೆ 4 ಅಡಿ, ಕಿಟಕಿಯ ಕೆಳಗಿದ್ದರೆ 4 ಅಡಿ, ಮೇಲಿದ್ದರೆ 1 ಅಡಿ ಅಂತರ ಬೇಕು. ನಿಮ್ಮ ಎರಡು ಕಿಟಕಿಗಳ ನಡುವೆ ಇರುವುದೇ 5 ಅಡಿ. ಸರಿಯಾಗಿ ಮಧ್ಯದಲ್ಲಿ ಕೊರೆದರೂ ಎರಡೂ ಕಡೆ ಎರಡೂವರೆ ಅಡಿ ಮಾತ್ರ. ಕಿಟಕಿಗಳ ತಲೆಗಿಂತ 1 ಅಡಿ ಮೇಲೆ ಏರಿಸೋಣ ಎಂದರೆ ಬಾಯಿ ಹೆಚ್ಚುಕಡಿಮೆ ಹಾಲ್‌ನ ಸೀಲಿಂಗ್ ಮಟ್ಟಕ್ಕೆ ಬರುತ್ತದೆ, ಅಲ್ಲಿಂದ ನಿಮ್ಮ ಅಮ್ಮನ ಕೋಣೆಯ ಕಿಟಕಿಗೆ 4 ಅಡಿ ಉಳಿಯುವುದಿಲ್ಲ. ಲೆಕ್ಕ ಯಾವ ಕಡೆಯಿಂದ ಹಾಕಿದರೂ ಆ ಗೋಡೆ ಒಗ್ಗುವುದಿಲ್ಲ. ಪಟ್ಟಣದ ಇನ್‌ಸ್ಪೆಕ್ಟರ್ ಬಂದು ನೋಡಿದರೆ ಕೀಳಿಸುತ್ತಾರೆ. ಅವರು ನೋಡದಿದ್ದರೆ ಅಪಾಯ ಇನ್ನೂ ದೊಡ್ಡದು.

ಗಾಳಿಯ ದಿಕ್ಕಿನ ಮಾತೂ ಇದೆ, ಬಹಳ ಮಂದಿ ಇದನ್ನು ಯೋಚಿಸುವುದೇ ಇಲ್ಲ. ನಿಮ್ಮ ಕಡೆ ಚಳಿಗಾಲದ ಮಾಮೂಲಿ ಗಾಳಿ ವಾಯವ್ಯದಿಂದ. ಆದರೆ ತಂತಿ ಕಡಿದು ಕರೆಂಟು ತೆಗೆಯುವ ದೊಡ್ಡ ಹಿಮಬಿರುಗಾಳಿಯಲ್ಲಿ ಗಾಳಿ ಬೀಸುವುದು ಈಶಾನ್ಯದಿಂದ. ಅದರ ಹೆಸರೇ ನಾರ್‌ಈಸ್ಟರ್. ಅಂದರೆ ಫ್ಯಾನು ನಿಂತಿರುವ ರಾತ್ರಿಯೇ ಪೂರ್ವದ ಗೋಡೆಗೆ ಗಾಳಿ ಬಡಿಯುತ್ತದೆ. ಅಂಕಿಯಲ್ಲಿ ನೋಡಿ. 150 ಡಿಗ್ರಿ ಬಿಸಿಯ ಹೊಗೆ 5 ಅಡಿ ಎತ್ತರದ ಕೊಳವೆಯಲ್ಲಿ ತುಂಬಿದ್ದು ಹೊರಗೆ ಸೊನ್ನೆಗಿಂತ 10 ಡಿಗ್ರಿ ಕೆಳಗಿದ್ದರೆ, ತಾನಾಗಿ ಹುಟ್ಟುವ ಎಳೆತ ಸುಮಾರು ಏಳೂವರೆ ಪ್ಯಾಸ್ಕಲ್. ಗಂಟೆಗೆ 36 ಕಿಲೋಮೀಟರ್ ವೇಗದ ಗಾಳಿ ಬಾಯಿಗೆ ನೇರ ಬಡಿದರೆ ಹಿಂದಕ್ಕೆ ದೂಡುವ ಒತ್ತಡ 60 ಪ್ಯಾಸ್ಕಲ್‌ಗೂ ಹೆಚ್ಚು. ಕೊಳವೆಯ ತುದಿಗೆ ಹಾಕುವ ಕ್ಯಾಪ್ ಸ್ವಲ್ಪ ತಡೆಯುತ್ತದೆ, ಪೂರ್ತಿ ಅಲ್ಲ. ಆದ್ದರಿಂದ ಕೊಳವೆಯನ್ನು ಏರಿಸಿದರಷ್ಟೇ ಸಾಲದು, ಗಾಳಿಗೆ ಬೆನ್ನು ಕೊಟ್ಟ ಗೋಡೆ ಬೇಕು. ವಾಯವ್ಯಕ್ಕೂ ಈಶಾನ್ಯಕ್ಕೂ ಮರೆಯಾಗಿರುವುದು ನಿಮ್ಮ ದಕ್ಷಿಣ ಗೋಡೆ. ಒಲೆ ಆಗ್ನೇಯದಲ್ಲೇ ಉಳಿಯುತ್ತದೆ ಎಂದು ಅಮ್ಮನಿಗೆ ಹೇಳಿ, ಅವರಿಗೂ ಸಮಾಧಾನವಾದೀತು.

ದಕ್ಷಿಣ ಗೋಡೆಯಲ್ಲಿ, ನಕ್ಷೆಯ ಪ್ರಕಾರ, ಮುಂಭಾಗಕ್ಕೆ ಒಂದು ಕಿಟಕಿ ಇದೆ, ಅಲ್ಲಿಂದ ಊಟದ ಕೋಣೆಯ ಅಡ್ಡಗೋಡೆಯವರೆಗೆ 8 ಅಡಿ ಬರಿಗೋಡೆ. ಸ್ಟವ್‌ನ ಮಧ್ಯಗೆರೆ ಕಿಟಕಿಯ ಅಂಚಿನಿಂದ 5 ಅಡಿಗೆ ಬರಲಿ. ಊಟದ ಕೋಣೆಯ ಕಿಟಕಿ ಅಡ್ಡಗೋಡೆಯಿಂದ ಇನ್ನೂ ಆಚೆ ಇರುವುದರಿಂದ ಆ ಕಡೆಯೂ 4 ಅಡಿಗಿಂತ ಹೆಚ್ಚೇ ಸಿಗುತ್ತದೆ. ಅದು ತ್ರಿಕೋನದ ತಲೆಯಿರುವ ಗೋಡೆಯಾದ್ದರಿಂದ ಮಾಡಿನ ಹಿಮ ಜಾರಿ ಕೊಳವೆಯ ಮೇಲೆ ಬೀಳುವ ಭಯವೂ ಇಲ್ಲ. ಫೋಟೋದಲ್ಲಿ ಎಣ್ಣೆ ಟ್ಯಾಂಕಿಗೆ ತುಂಬುವ ಕೊಳವೆ, ಅದರ ಉಸಿರುಕೊಳವೆ ಎರಡೂ ಅದೇ ಗೋಡೆಯ ಮುಂದಿನ ತುದಿಯಲ್ಲಿ ಕಾಣುತ್ತವೆ. ಹೊಗೆಯ ಬಾಯಿ ಅವುಗಳಿಂದ ಎಷ್ಟು ದೂರ ಎಂದು ಅಳೆದು ಬರೆದಿಟ್ಟುಕೊಳ್ಳಿ, ಪರ್ಮಿಟ್ ಕೊಡುವವರು ಕೇಳುತ್ತಾರೆ. ಫ್ಯಾನಿನಿಂದ ಹೊರಗಾಳಿ ಒಳಕ್ಕೆ ಎಳೆಯುವ ಯಂತ್ರವೇನಾದರೂ ಮನೆಗೆ ಇದ್ದರೆ ಅದರ ಬಾಯಿಯಿಂದ 10 ಅಡಿ ದೂರ ಇರಬೇಕು, ಅಷ್ಟು ಸಿಗದಿದ್ದರೆ ಅದಕ್ಕಿಂತ 3 ಅಡಿ ಮೇಲಿರಬೇಕು.

ಕೊಳವೆಯ ದಾರಿಯನ್ನು ನಾನು ಹೀಗೆ ಹಾಕುತ್ತೇನೆ. ಸ್ಟವ್‌ನ ಹಿಂದಿನ ಬಾಯಿಗೆ ಒಂದು ಟೀ (T ಅಕ್ಷರದಂಥ ಮೂರು ಬಾಯಿಯ ತುಂಡು), ಅದರ ಕೆಳಬಾಯಿಗೆ ಬೂದಿ ತೆಗೆಯುವ ಮುಚ್ಚಳ. ಟೀಯಿಂದ ಕೋಣೆಯೊಳಗೇ 5 ಅಡಿ ನೆಟ್ಟಗೆ ಮೇಲಕ್ಕೆ. ಅಲ್ಲಿ ಒಂದು 90 ಡಿಗ್ರಿ ಎಲ್ಬೋ (ಮೊಣಕೈಯಂತೆ ಬಾಗಿದ ತುಂಡು), ಆಮೇಲೆ ಗೋಡೆ ದಾಟಿ 2 ಅಡಿ ಅಡ್ಡಕ್ಕೆ, ತುದಿಗೆ ಕ್ಯಾಪ್. ಏರಿಸುವುದನ್ನು ಹೊರಗೆ ಮಾಡೋಣ, ಹಾಲ್‌ನಲ್ಲಿ ಕೊಳವೆ ಕಾಣಬಾರದು ಎಂದು ಹಲವರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಹೊರಗೆ ಚಳಿಗೆ ಕೊಳವೆ ತಣ್ಣಗಾಗುತ್ತದೆ, ಎಳೆತ ಕುಗ್ಗುತ್ತದೆ, ಹೊಗೆಯ ತೇವ ಒಳಗೋಡೆಗೆ ಅಂಟಿ ಬೂದಿ ಮೆತ್ತಿಕೊಳ್ಳುತ್ತದೆ. ಒಳಗಿರುವ ಕೊಳವೆ ಬೆಚ್ಚಗಿರುತ್ತದೆ, ಕರೆಂಟು ಹೋದಾಗ ನಮಗೆ ಬೇಕಾದದ್ದು ಆ ಬಿಸಿಯೇ.

ಹಾಗೆ ಹಾಕಿದರೆ ಬಾಯಿ ಹಾಲ್‌ನ ನೆಲದಿಂದ 6 ಅಡಿ ಮೇಲೆ ಬರುತ್ತದೆ, ನಿಮ್ಮ ನೆಲ ಅಂಗಳಕ್ಕಿಂತ ಎರಡೂವರೆ ಅಡಿ ಎತ್ತರದಲ್ಲಿರುವುದರಿಂದ ಹೊರಗೆ ಎಂಟೂವರೆ ಅಡಿ. ಬಾಯಿ ನೆಲದಿಂದ ಕನಿಷ್ಠ 1 ಅಡಿ ಮೇಲಿರಬೇಕು, ಜನ ಓಡಾಡುವ ದಾರಿಯಿದ್ದರೆ 7 ಅಡಿ ಎನ್ನುತ್ತದೆ ನಿಯಮ. ನೇರ ಕೊರೆದಿದ್ದರೆ ಅದು ಇದಕ್ಕಿಂತ 5 ಅಡಿ ಕೆಳಗೆ, ಸೊಂಟದೆತ್ತರಕ್ಕೆ ಬರುತ್ತಿತ್ತು, ಜನವರಿಯ ದೊಡ್ಡ ಹಿಮಪಾತದಲ್ಲಿ ಗಾಳಿ ಗುಡ್ಡೆಹಾಕಿದ ಹಿಮಕ್ಕೆ ಹೂತುಹೋಗಬಹುದಿತ್ತು.

ಕೊಳವೆಯ ಅಗಲ ಎಷ್ಟು ಎಂಬುದಕ್ಕೆ ಈ ಕಸುಬಿನಲ್ಲಿ ಒಂದು ಲೆಕ್ಕವಿದೆ, ಸಮಾನ ಉದ್ದದ ಲೆಕ್ಕ. ಫ್ಯಾನು ಎಷ್ಟು ತಡೆಯನ್ನು ದೂಡಬೇಕು ಎಂಬುದನ್ನು ಅಡಿಗಳಲ್ಲಿ ಎಣಿಸುವುದು. ಒಂದು ಟೀ ಅಥವಾ 90 ಡಿಗ್ರಿ ಎಲ್ಬೋ ಎಂದರೆ 5 ಅಡಿ, 45 ಡಿಗ್ರಿಯ ಎಲ್ಬೋ 3 ಅಡಿ. ಅಡ್ಡ ಕೊಳವೆ ಅಡಿಗೆ ಒಂದಡಿ. ನೆಟ್ಟಗಿನ ಕೊಳವೆ ಅಡಿಗೆ ಅರ್ಧ ಅಡಿ ಮಾತ್ರ, ಏಕೆಂದರೆ ಅದು ತಾನೂ ಸ್ವಲ್ಪ ಎಳೆಯುತ್ತದೆ. ನಿಮ್ಮದಕ್ಕೆ ಟೀಗೆ 5, ಏರಿಗೆ ಎರಡೂವರೆ, ಎಲ್ಬೋಗೆ 5, ಅಡ್ಡಕ್ಕೆ 2, ಒಟ್ಟು ಹದಿನಾಲ್ಕೂವರೆ. ಸಾಮಾನ್ಯವಾಗಿ 15ರವರೆಗೆ 3 ಇಂಚು ಸಾಕು, ಅದು ದಾಟಿದರೆ 4 ಇಂಚು. ನೀವು ಗೆರೆಯ ಅಂಚಿನಲ್ಲಿದ್ದೀರಿ. ಅಂಚಿನಲ್ಲಿದ್ದಾಗ ನಾನು ಯಾವತ್ತೂ 4 ಇಂಚನ್ನೇ ಹಾಕಿಸುತ್ತೇನೆ. ಬೂದಿ ಸ್ವಲ್ಪ ಕಟ್ಟಿದರೂ ಉಸಿರಾಡಲು ಜಾಗ ಉಳಿಯುತ್ತದೆ. ಸ್ಟವ್‌ನ ಬಾಯಿ 3 ಇಂಚಿದ್ದರೆ ಅಲ್ಲೇ 3ರಿಂದ 4ಕ್ಕೆ ಅಗಲವಾಗುವ ತುಂಡು ಹಾಕುತ್ತಾರೆ. ಒಮ್ಮೆ ಅಗಲವಾದ ಮೇಲೆ ಮುಂದೆ ಎಲ್ಲೂ ಮತ್ತೆ ಸಪೂರ ಮಾಡುವಂತಿಲ್ಲ. ಕೊಲೊರಾಡೊದಂಥ ಎತ್ತರದ ಊರಿನಲ್ಲಿ ಗಾಳಿ ತೆಳುವಾದ್ದರಿಂದ ಉದ್ದ ಕಡಿಮೆಯಿದ್ದರೂ 4 ಇಂಚೇ ಬೇಕಾಗುತ್ತದೆ, ನಿಮಗೆ ಆ ಚಿಂತೆಯಿಲ್ಲ.

ಗಮನಿಸಿದಿರಾ, ಇದೇ ಲೆಕ್ಕದಲ್ಲಿ ನಿಮ್ಮ ನೇರ ಕೊಳವೆ 2 ಅಡಿಗೆ ಮುಗಿಯುತ್ತದೆ. ಅಳವಡಿಸುವವರು ಅದನ್ನೇ ತೋರಿಸಿ ಒಳ್ಳೆಯದು ಎಂದಿರಬೇಕು. ಆ ಲೆಕ್ಕ ಫ್ಯಾನು ತಿರುಗುತ್ತಿರುವಾಗಿನದು. ನಿಂತ ಫ್ಯಾನಿಗೆ ಅದರಲ್ಲಿ ಉತ್ತರವಿಲ್ಲ. ಎಲ್ಲಕ್ಕಿಂತ ಮೇಲಿನ ಮಾತು ನಿಮ್ಮ ಸ್ಟವ್‌ನ ಕೈಪಿಡಿಯದು. ಅದರಲ್ಲಿ ಅಗಲ, ಉದ್ದ, ಅಂತರ ಬೇರೆ ಕೊಟ್ಟಿದ್ದರೆ ನಾನು ಬರೆದದ್ದನ್ನು ಬಿಟ್ಟು ಅದನ್ನೇ ಹಿಡಿಯಿರಿ.

ಕೊಳವೆಯ ಜಾತಿಯಲ್ಲಿ ರಾಜಿ ಬೇಡ. ಪೆಲೆಟ್ ಹೊಗೆಗೆಂದೇ ಮಾಡಿದ, ಯುಎಲ್ 641 ಎಂಬ ಸುರಕ್ಷತಾ ಪರೀಕ್ಷೆ ದಾಟಿದ ಜೋಡಿಗೋಡೆಯ ಕೊಳವೆ ಬೇಕು. ಒಳಗೆ ಸ್ಟೇನ್‌ಲೆಸ್ ಸ್ಟೀಲ್, ಹೊರಗೆ ಸತು ಲೇಪಿಸಿದ ತಗಡು, ನಡುವೆ ಗಾಳಿ. ಅಂಗಡಿಯಲ್ಲಿ ಪಕ್ಕದಲ್ಲೇ ಗ್ಯಾಸ್ ಹೀಟರಿನ ಬಿ ವೆಂಟ್ ಕೊಳವೆ ಕಡಿಮೆ ಬೆಲೆಗೆ ಸಿಗುತ್ತದೆ, ನೋಡಲು ಹಾಗೇ ಇರುತ್ತದೆ. ಅದರ ಒಳಪದರ ಅಲ್ಯುಮಿನಿಯಂ, ಸಂದುಗಳು ಒತ್ತಡ ತಡೆಯುವಂಥವಲ್ಲ, ಅದನ್ನು ಮುಟ್ಟಬೇಡಿ. ಬಟ್ಟೆ ಒಣಗಿಸುವ ಯಂತ್ರದ ಸುರುಳಿಕೊಳವೆ ಹಾಕಿದವರನ್ನೂ ನಾನು ಕಂಡಿದ್ದೇನೆ, ಅಂಥ ಸ್ಟವ್ ಆ ಕ್ಷಣ ಆರಿಸಬೇಕಾದದ್ದು. ಎಲ್ಲ ತುಂಡುಗಳೂ ಒಂದೇ ಕಂಪನಿಯವಾಗಿರಲಿ, ಒಂದರ ಬಾಯಿ ಇನ್ನೊಂದಕ್ಕೆ ಕೂತಂತೆ ಕಂಡರೂ ಬಿಗಿಯಾಗುವುದಿಲ್ಲ. ಸ್ಟವ್‌ನ ಬಾಯಿಗೆ ಕೊಳವೆ ಸೇರುವ ಮೊದಲ ಸಂದಿಗೆ ಹೆಚ್ಚು ಶಾಖ ತಡೆಯುವ ಸಿಲಿಕೋನ್ ಬಳಿಯಲೇಬೇಕು, ಹೊಗೆ ಸೋರುವುದು ಹೆಚ್ಚಾಗಿ ಅಲ್ಲೇ. ಉಳಿದ ಸಂದುಗಳಿಗೆ ಕೆಲವು ಕಂಪನಿಗಳು ಒಳಗೇ ರಬ್ಬರಿನಂಥ ಉಂಗುರ ಕೊಟ್ಟಿರುತ್ತವೆ, ಇಲ್ಲದಿದ್ದರೆ ಅವಕ್ಕೂ ಸಿಲಿಕೋನ್. ಒಳಗೋಡೆ ತೂತಾಗುವಂತೆ ಸ್ಕ್ರೂ ಹೊಡೆಯಬಾರದು.

ಗೋಡೆ ದಾಟುವ ಜಾಗದಲ್ಲಿ ಥಿಂಬಲ್ ಎಂಬ ಲೋಹದ ಚೌಕಟ್ಟು ಕೂರುತ್ತದೆ. ಕೊಳವೆಗೂ ಮರಕ್ಕೂ ನಡುವೆ, ಕೊಳವೆಯ ಮೇಲೆ ಬರೆದಷ್ಟು, ಸಾಮಾನ್ಯವಾಗಿ 1ರಿಂದ 3 ಇಂಚು, ಅಂತರ ಕಾಯುವುದು ಅದರ ಕೆಲಸ. ಗೋಡೆಯೊಳಗಿನ ಮರದ ಕಂಬಗಳು 16 ಇಂಚಿಗೊಂದು ನಿಂತಿರುತ್ತವೆ. ಅವುಗಳ ನಡುವೆ ಬರುವಂತೆ ಸ್ಟವ್‌ನ ಜಾಗವನ್ನು ಒಂದೆರಡು ಇಂಚು ಆಚೀಚೆ ಸರಿಸುವುದು ಸುಲಭ, ಕಂಬ ಕಡಿಯುವುದು ಬೇಡ. ಕೊರೆಯುವ ಮುಂಚೆ ವಿದ್ಯುತ್ ತಂತಿ ಎಲ್ಲಿ ಹಾದಿದೆ ನೋಡಿಸಿ. ನಿಮ್ಮ ಹೊರಗೋಡೆಗೆ ವಿನೈಲ್ ಎಂಬ ಪ್ಲಾಸ್ಟಿಕ್ ಹೊದಿಕೆ ಇದೆ, ಅದು ಬಿಸಿಗೆ ಬೇಗ ಸೊಟ್ಟಗಾಗುತ್ತದೆ, ಮಸಿಯೂ ಹಿಡಿಯುತ್ತದೆ. ಕ್ಯಾಪ್ ಗೋಡೆಯಿಂದ ಕನಿಷ್ಠ 1 ಅಡಿ ಹೊರಗೆ ಚಾಚಿರಲಿ.

ಇನ್ನು ಗಾಳಿ ಒಳಬರುವ ದಾರಿ. ಇದನ್ನು ನಾನು ನಮ್ಮವರಿಗೆ ವಿಶೇಷವಾಗಿ ಒತ್ತಿ ಹೇಳುತ್ತೇನೆ. ಒಗ್ಗರಣೆಯ ಘಾಟು ಹೋಗಲೆಂದು ನಾವೆಲ್ಲ ಅಡುಗೆಮನೆಗೆ ಜೋರಾದ ಎಕ್ಸಾಸ್ಟ್ ಹಾಕಿಸಿರುತ್ತೇವೆ. ನಿಮ್ಮ ಫೋಟೋದಲ್ಲಿರುವುದು ನಿಮಿಷಕ್ಕೆ 600 ಘನ ಅಡಿ ಗಾಳಿ ಎಳೆಯುವ ಜಾತಿಯದು. ಚಳಿಗಾಲದಲ್ಲಿ ಕಿಟಕಿಗಳೆಲ್ಲ ಮುಚ್ಚಿದ ಮನೆಯಿಂದ ಅಷ್ಟು ಗಾಳಿ ಹೊರಗೆ ಹೋದರೆ ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ಅತ್ಯಂತ ಸುಲಭದ ದಾರಿ ಸ್ಟವ್‌ನ ಕೊಳವೆ ಆಗಿಬಿಡಬಹುದು. ಬಟ್ಟೆ ಒಣಗಿಸುವ ಯಂತ್ರ, ಸ್ನಾನದ ಮನೆಯ ಫ್ಯಾನು ಜೊತೆಗೆ ಸೇರಿದರೆ ಇನ್ನೂ ಕಷ್ಟ. ಇದಕ್ಕೆ ಮದ್ದು, ಸ್ಟವ್ ಉರಿಯಲು ಬೇಕಾದ ಗಾಳಿಯನ್ನು ಹೊರಗಿನಿಂದಲೇ ನೇರ ತರುವ ಸಣ್ಣ ಲೋಹದ ಕೊಳವೆ. ನಿಮ್ಮಂಥ ಮನೆಗೆ ಇದು ಕಡ್ಡಾಯವಲ್ಲ ಎಂದು ಅಳವಡಿಸುವವರು ಹೇಳಬಹುದು. ಕಡ್ಡಾಯವಿರಲಿ ಬಿಡಲಿ, ಹಾಕಿಸಿ. ಅದರ ಬಾಯಿ ಹೊಗೆಯ ಬಾಯಿಯ ಪಕ್ಕದಲ್ಲಿರಬಾರದು, ಕೆಳಗೆ, ದೂರಕ್ಕೆ, ಹಿಮ ಮುಚ್ಚದಷ್ಟು ಎತ್ತರದಲ್ಲಿರಲಿ. ಇಲಿ ಹೊಗದಂತೆ ಜಾಲರಿ ಹಾಕಿಸಿ.

ಹಳೆಯ ಚಿಮಣಿಗೆ ಸೇರಿಸಬಹುದೇ ಎಂದು ಕೇಳಿದ್ದೀರಿ. ಆಗುವುದಿಲ್ಲ. ಫೋಟೋದಲ್ಲಿ ಚಿಮಣಿಯ ತಲೆಯಲ್ಲಿ ಕಾಣುವುದು ಒಂದೇ ಬಾಯಿ, ಅದು ಬಾಯ್ಲರಿನದು. ಪೆಲೆಟ್ ಸ್ಟವ್ ಅದಕ್ಕೆ ಹೊಗೆ ದೂಡಿದರೆ ಬಾಯ್ಲರಿನ ಕಡೆಯಿಂದ ನೆಲಮಾಳಿಗೆಗೆ ಇಳಿಯಬಹುದು, ಸ್ಟವ್ ನಿಂತಾಗ ಬಾಯ್ಲರಿನ ಹೊಗೆ ಹಾಲ್‌ಗೆ ಬರಬಹುದು. ಬೇರೆ ಮನೆಯಲ್ಲಿ, ಬಳಸದೆ ಬಿಟ್ಟ ಪ್ರತ್ಯೇಕ ನಾಳ ಇದ್ದರೆ, ಅದರೊಳಗೆ ತುದಿಯವರೆಗೂ 4 ಇಂಚಿನ ಸ್ಟೇನ್‌ಲೆಸ್ ಲೈನರ್ (ಒಳಕೊಳವೆ) ಇಳಿಸಿ ಹಾಕುವುದು ಬಹಳ ಒಳ್ಳೆಯ ದಾರಿ. 22 ಅಡಿ ಎತ್ತರದ ಚಿಮಣಿಯ ಎಳೆತಕ್ಕೆ ನಮ್ಮ 5 ಅಡಿ ಸರಿಸಾಟಿಯಲ್ಲ. ನಿಮಗೆ ಆ ಅನುಕೂಲ ಇಲ್ಲ.

ಸ್ಟವ್‌ಗೆ ಒಂದು ಯುಪಿಎಸ್ ಇರಲಿ. ಊರಿನ ಮನೆಯಲ್ಲಿ ಲೋಡ್ ಶೆಡ್ಡಿಂಗ್‌ಗೆ ಇಟ್ಟುಕೊಂಡ ಹಾಗೇ. ಬೆಂಕಿ ಹೊತ್ತಿದ ಮೇಲೆ ಸ್ಟವ್‌ಗೆ ಬೇಕಾಗುವುದು ಹೆಚ್ಚುಕಡಿಮೆ 100 ವ್ಯಾಟ್. ಹೊತ್ತಿಸುವ ಕಡ್ಡಿಗೆ ಮಾತ್ರ 300ರಿಂದ 400. ಪ್ಯೂರ್ ಸೈನ್ ವೇವ್ ಎಂದು ಬರೆದದ್ದನ್ನೇ ಕೊಳ್ಳಿ, ಕಂಪ್ಯೂಟರಿಗೆ ಇಡುವ ಅಗ್ಗದ ಯುಪಿಎಸ್‌ನ ಕರೆಂಟಿಗೆ ಫ್ಯಾನಿನ ಮೋಟಾರು ಗುಂಯ್ ಎಂದು ಬಿಸಿಯಾಗುತ್ತದೆ. ರಾತ್ರಿಯಿಡೀ ಓಡಿಸಲು ಅಲ್ಲ ಇದು. ಕರೆಂಟು ಹೋದಾಗ ಸ್ಟವ್ ಆಫ್ ಮಾಡಿ, ಬಟ್ಟಲಿನದು ಉರಿದು ಮುಗಿಯುವವರೆಗೆ ಫ್ಯಾನು ತಿರುಗಲಿ, ಅರ್ಧ ಗಂಟೆ ಸಿಕ್ಕರೆ ಸಾಕು. ಯುಪಿಎಸ್ ಇದೆಯಲ್ಲ, ಇನ್ನು 5 ಅಡಿ ಏರು ಯಾಕೆ ಎನ್ನಬೇಡಿ. ಬ್ಯಾಟರಿ ಮೂರು ನಾಲ್ಕು ವರ್ಷಕ್ಕೆ ಸೊರಗುತ್ತದೆ, ಅದು ಸೊರಗಿದ್ದು ಗೊತ್ತಾಗುವುದು ಬೇಕಾದ ರಾತ್ರಿಯೇ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಪ್ರತಿ ಅಂತಸ್ತಿಗೊಂದು ಬೇಕು. ಮೇಲಿನದನ್ನು ಅಪ್ಪ ಅಮ್ಮ ಮಲಗುವ ಕೋಣೆಯ ಬಾಗಿಲಾಚೆಗೇ ಹಾಕಿ, ಆ ಸದ್ದು ಯಾವುದು, ಕೇಳಿದರೆ ಏನು ಮಾಡಬೇಕು ಎಂದು ಬಂದ ದಿನವೇ ಅವರಿಗೆ ಕೇಳಿಸಿ ತೋರಿಸಿ. ಅದು ಮೈಕ್ರೋವೇವ್ ಸದ್ದಲ್ಲ, ಮೊದಲು ಹೊರಗೆ ಬರಬೇಕು ಎಂದು ಗೊತ್ತಿರಲಿ.

ಬೂದಿಯ ಮಾತು. ಒಳ್ಳೆಯ ಪೆಲೆಟ್‌ನಲ್ಲಿ ಬೂದಿ ನೂರಕ್ಕೆ ಒಂದು ಪಾಲಿಗಿಂತ ಕಡಿಮೆ, ಆದರೆ ಅದು ಗೋಧಿಹಿಟ್ಟಿಗಿಂತ ನಯ, ಕೊಳವೆಯ ತಿರುವುಗಳಲ್ಲಿ ಕೂರುತ್ತದೆ. 40 ಪೌಂಡಿನ 50 ಚೀಲ ಒಂದು ಟನ್. ಒಂದು ಟನ್ ಉರಿಸಿದ ಮೇಲೆ ಟೀಯ ಮುಚ್ಚಳ ತೆಗೆದು, ಕೊಳವೆಯ ಅಳತೆಯ ಬ್ರಷ್ಷಿನಿಂದ ಒಮ್ಮೆ ಉಜ್ಜಿ. ಗಾಜು ಬೇಗ ಕಪ್ಪಾಗುತ್ತಿದ್ದರೆ, ಚುರುಕಾಗಿದ್ದ ಉರಿ ಕಿತ್ತಳೆ ಬಣ್ಣಕ್ಕೆ ತಿರುಗಿ ಸೋಮಾರಿಯಾಗಿ ಅಲ್ಲಾಡುತ್ತಿದ್ದರೆ, ಟನ್ ಮುಗಿಯುವವರೆಗೆ ಕಾಯಬೇಡಿ. ಉಜ್ಜುವಾಗ ಅಮ್ಮ ಆ ಕೋಣೆಯಲ್ಲಿರಬಾರದು. ಮನೆಯ ಮಾಮೂಲಿ ವ್ಯಾಕ್ಯೂಮ್ ಬಳಸಬೇಡಿ. ಕಣ್ಣಿಗೆ ಕಾಣದ ಕೆಂಡ ಒಳಗೆ ಹೊತ್ತಿಕೊಳ್ಳಬಹುದು, ನಯವಾದ ಬೂದಿ ಹಿಂದಿನಿಂದ ಕೋಣೆಗೇ ಬರುತ್ತದೆ. ಬೂದಿಗೆಂದೇ ಇರುವ ವ್ಯಾಕ್ಯೂಮ್ ಸಿಗುತ್ತದೆ. ಬೇಸಿಗೆಯಲ್ಲಿ ಸ್ಟವ್ ನಿಂತಿದ್ದಾಗ ಹಕ್ಕಿಗಳು ಕ್ಯಾಪಿನಲ್ಲಿ ಗೂಡು ಕಟ್ಟುವುದುಂಟು, ಸೆಪ್ಟೆಂಬರಿನಲ್ಲಿ ಒಮ್ಮೆ ಹೊರಗಿನಿಂದ ನೋಡಿ.

ಅಳವಡಿಸುವವರನ್ನು ಬದಲಿಸಬೇಕೇ? ಮೊದಲು ದಕ್ಷಿಣ ಗೋಡೆಯ ಈ ಯೋಜನೆ ಅವರ ಮುಂದಿಡಿ. ಅಳತೆ ನೋಡಿ ಒಪ್ಪಿಕೊಂಡರೆ ಅವರೇ ಮಾಡಲಿ. "ಎಲ್ಲರ ಮನೆಯಲ್ಲೂ ಹೀಗೇ ಹಾಕುತ್ತೇವೆ" ಎಂದರೆ ಎನ್‌ಎಫ್‌ಐ (ನ್ಯಾಷನಲ್ ಫೈರ್‌ಪ್ಲೇಸ್ ಇನ್‌ಸ್ಟಿಟ್ಯೂಟ್) ಪ್ರಮಾಣಪತ್ರ ಇರುವ ಬೇರೆಯವರನ್ನು ಹುಡುಕಿ. ನಿಮ್ಮ ಪಟ್ಟಣದ ಕಟ್ಟಡ ವಿಭಾಗದ ಪರ್ಮಿಟ್ ತೆಗೆದೇ ಕೆಲಸ ಶುರುವಾಗಲಿ, ಮನೆಯ ವಿಮೆಯವರಿಗೂ ತಿಳಿಸಿ.

ಮೊದಲ ಬೆಂಕಿಯ ದಿನ ಅಳವಡಿಸುವವರು ಹೊರಡುವ ಮುಂಚೆ ಎರಡು ಪರೀಕ್ಷೆ ಮಾಡಿಸಿ. ಸ್ಟವ್ ಚೆನ್ನಾಗಿ ಉರಿಯುವಾಗ ಒಂದು ಊದುಬತ್ತಿ ಹಚ್ಚಿ ಪ್ರತಿ ಸಂದಿನ ಸುತ್ತ ನಿಧಾನವಾಗಿ ಸುತ್ತಿಸಿ. ಅದರ ಹೊಗೆಯ ಎಳೆ ಸಂದಿನ ಬಳಿ ಹೊರಕ್ಕೆ ಚಿಮ್ಮಿದರೆ ಅಲ್ಲಿ ಸೋರುತ್ತಿದೆ. ಆಮೇಲೆ ಅಡುಗೆಮನೆಯ ಎಕ್ಸಾಸ್ಟ್, ಬಟ್ಟೆ ಒಣಗಿಸುವ ಯಂತ್ರ, ಸ್ನಾನದ ಮನೆಗಳ ಫ್ಯಾನು ಎಲ್ಲ ಒಟ್ಟಿಗೆ ಹಾಕಿ, ಉರಿ ಕುಗ್ಗುತ್ತದೆಯೇ, ಹೊಗೆ ವಾಸನೆ ಬರುತ್ತದೆಯೇ ನೋಡಿ. ಅವರು ಒಪ್ಪಿದರೆ, ಅತಿ ಕಡಿಮೆ ಉರಿಯಲ್ಲಿ ಅವರೆದುರೇ ಸ್ಟವ್‌ಗೆ ಕರೆಂಟು ತೆಗೆಸಿ ಹತ್ತು ನಿಮಿಷ ಕೋಣೆಯಲ್ಲಿ ಏನಾಗುತ್ತದೆ ಎಂದೂ ನೋಡಿ. ಇದನ್ನೆಲ್ಲ ಅಕ್ಟೋಬರಿನಲ್ಲೇ ಮುಗಿಸಿಕೊಂಡರೆ ತಪ್ಪು ಕಂಡಲ್ಲಿ ಸರಿಪಡಿಸಲು ಸಮಯ ಸಿಗುತ್ತದೆ.

ಈ ವಾರ ಮಾಡಬೇಕಾದದ್ದು ಇಷ್ಟು. ದಕ್ಷಿಣ ಗೋಡೆಯ ಹೊರಗೆ ನಿಂತು ಕಿಟಕಿ, ಮೇಲಂತಸ್ತಿನ ಕಿಟಕಿ, ಎಣ್ಣೆಯ ಕೊಳವೆಗಳು, ನೆಲ, ಪ್ರತಿಯೊಂದಕ್ಕೂ ಬಾಯಿಯಿಂದ ಎಷ್ಟು ಅಡಿ ಎಂದು ಟೇಪು ಹಿಡಿದು ಅಳೆಯಿರಿ. ಸ್ಟವ್‌ನ ಕೈಪಿಡಿಯಲ್ಲಿ ಹೊಗೆಕೊಳವೆಯ ಪುಟಗಳ ಫೋಟೋ ತೆಗೆಯಿರಿ. ಎರಡನ್ನೂ ಕಳಿಸಿ, ಪರ್ಮಿಟ್ಟಿಗೆ ಅರ್ಜಿ ಹಾಕುವ ಮೊದಲು ನಾನು ಒಮ್ಮೆ ನೋಡುತ್ತೇನೆ.